ಇಪ್ಪತ್ತಮೂರು ಕಾಳು

"ಹೊಸ್ತಲಾ ದಾಟಿದ್ರ ಕಾಲ ಮುರಸ್ತೇನಿ! ಅಲ್ಲೇ ನಿಂದರ್ರಿ, ಮಾಸ್ತರ್ರ!"

ಸಾವಂತ್ರೆವ್ವ ಬಾಗಿಲಿಗೆ ಅಡ್ಡ ನಿಂತಿದ್ದಳು. ಅವಳ ಬೆನ್ನ ಹಿಂದೆ, ಪಡಸಾಲೆಯ ಗೋಡೆಗೆ ಒರಗಿಸಿ ಕುಳ್ಳಿರಿಸಿದ ಗಂಡನ ಹೆಣ. ಹಣೆಯ ತುಂಬ ವಿಭೂತಿ, ತಲೆಗೆ ಶಾಲೆಗೆ ಹೋಗುವಾಗ ಸುತ್ತುತ್ತಿದ್ದ ಅದೇ ಬಿಳಿ ರುಮಾಲು. ಸೊರಟೂರ ಶಾಲೆಯ ಲೆಕ್ಕದ ಮಾಸ್ತರ ಅಂದಪ್ಪ ಸತ್ತಾಗಲೂ ಪಾಠ ಕೇಳುವವನಂತೆ ಕೂತಿದ್ದ.

ಕಟ್ಟೆಯ ಕೆಳಗೆ ಹುಚ್ಚೀರಪ್ಪ ನಿಂತಿದ್ದ. ಗದಗಿನ ಹೈಸ್ಕೂಲಿನಲ್ಲಿ ಗಣಿತ ಕಲಿಸುವವನು. ಸುದ್ದಿ ಕೇಳಿ ಬಿಸಿಲಲ್ಲಿ ಸೈಕಲ್ ತುಳಿದುಕೊಂಡು ಬಂದಿದ್ದ. ಕೈಯಲ್ಲಿ ಚೆಂಡುಹೂವಿನ ಹಾರ.

"ಒಂದ ಸಲ ಮಾರಿ ನೋಡ್ತೇನಿ, ತಂಗಿ. ಹೆಗಲ ಕೊಡಾಕ ಬಂದೇನಿ, ಜಗಳಾಡಾಕ ಅಲ್ಲ."

"ಎರಡ ವರ್ಷ ಆ ಮಾರಿ ಬ್ಯಾಡಾಗಿತ್ತಲ್ಲ? ಸಂಘದಿಂದ ಹೊರಗ ಹಾಕಿದ ಕೈಲೇ ಹಾರ ಹಾಕಾಕ ಬಂದೀರಿ?"

"ನಾ ಹಾಕಿಲ್ಲ."

"ಹೌದಪಾ, ನಮ್ಮ ಎತ್ತ ಹಾಕಿತ್ತು!"

ಅಂಗಳದಲ್ಲಿ ಯಾರೋ ನಕ್ಕರು. ನಕ್ಕದ್ದು ತಪ್ಪೆನ್ನಿಸಿ ಕೆಮ್ಮಿದರು. ಹೆಣದ ಕಾಲ ಬಳಿ ಕೂತಿದ್ದ ಅಂದಪ್ಪನ ಅಕ್ಕ ಕಳಕವ್ವ ಅಲ್ಲಿಂದಲೇ ಕೂಗಿದಳು: "ಬದುಕಿದ್ದಾಗ ನೀರ ಕೊಡದವರು ಸತ್ತ ಮ್ಯಾಲೆ ತುಪ್ಪಾ ತಂದಾರ! ಹೊಳ್ಳಿ ಹೋಗಂತ ಹೇಳಬೇ."

ಅಷ್ಟರಲ್ಲಿ ಅಂದಪ್ಪನ ತಮ್ಮ ಉಡಚಪ್ಪ ಹೊಲದಿಂದ ಓಡುತ್ತ ಬಂದ. ಕುಣಿ ತೋಡುವವರು ಅಳತೆ ಕೇಳಿದ್ದರು. ಸತ್ತವನ ಪಾದದಿಂದಲೇ ಕುಣಿ ಅಳೆಯಬೇಕು. ಅವನು ಯಾರ ಮುಖವನ್ನೂ ನೋಡದೆ ಒಳಗೆ ನುಗ್ಗಿ ಅಣ್ಣನ ಅಂಗಾಲಿಗೆ ದಾರ ಹಿಡಿದು ಗಂಟು ಹಾಕಿದ.

"ಅಣ್ಣ ಇದ್ದಿದ್ರ ಕುಣಿದೂ ಘನಫಲ ತಗಸ್ತಿದ್ದ ಹುಡುಗ್ರ ಕಡಿಂದ," ಅಂದ. ಅಂದವನೇ ತನ್ನ ರುಮಾಲಿನ ತುದಿಯಿಂದ ಮೂಗು ಒರೆಸಿಕೊಂಡು ಮತ್ತೆ ಓಡಿದ.

* * *

ಅಂದಪ್ಪ ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದವನು. ಅದಕ್ಕಿಂತ ಮುಂದೆ ಓದಿರಲಿಲ್ಲ. ಆದರೆ ಬೇವಿನ ಮರದ ನೆರಳು ಅಳೆದು ಮರದ ಎತ್ತರ ಹೇಳುವುದನ್ನು ಮೂರನೆಯ ಇಯತ್ತೆಯ ಹುಡುಗರಿಗೂ ಕಲಿಸಿದ್ದ.

ಸ್ವಾತಂತ್ರ್ಯ ಬಂದ ಎರಡು ವರ್ಷಕ್ಕೆ ಅವನೂ ಹುಚ್ಚೀರಪ್ಪನೂ ಸೇರಿ ಬೆಟಗೇರಿಯಲ್ಲಿ ಲೆಕ್ಕದ ಮಾಸ್ತರರ ಸಂಘ ಕಟ್ಟಿದರು. ನೇಕಾರರ ಓಣಿಯಲ್ಲಿ ಒಂದು ಕೋಣೆ. ಮಗ್ಗದ ಸದ್ದಿನಲ್ಲಿ ಒದರಿಯೇ ಮಾತಾಡಬೇಕು. ಮೊದಲ ದಿನ ಐದು ಮಂದಿ. ಆಮೇಲೆ ಮುಂಡರಗಿಯವರು ಬಂದರು. ಮೊನ್ನೆ ಮೊನ್ನೆಯವರೆಗೆ ಬೇರೆ ಸಂಸ್ಥಾನಗಳಲ್ಲಿದ್ದ ಲಕ್ಷ್ಮೇಶ್ವರ, ಶಿರಹಟ್ಟಿಯವರೂ ಬಂದರು. ಒಬ್ಬೊಬ್ಬರ ಕಂಕುಳಲ್ಲಿ ಒಂದೊಂದು ಪುಸ್ತಕ, ಒಬ್ಬೊಬ್ಬರ ಭಾಗಾಕಾರಕ್ಕೆ ಒಂದೊಂದು ರೀತಿ. ಬಡಿದಾಡುವಷ್ಟು ಜಗಳ. ಅಂದಪ್ಪ ಎಲ್ಲರ ಮಾತನ್ನೂ ದುಂಡಗಿನ ಅಕ್ಷರದಲ್ಲಿ ಸಂಘದ ವಹಿಗೆ ಇಳಿಸುತ್ತಿದ್ದ. ಊರಿನಲ್ಲಿ ಅವನೊಬ್ಬ ಬಡ ಮಾಸ್ತರ. ಆ ಕೋಣೆಯಲ್ಲಿ ಅವನು ಕಾರ್ಯದರ್ಶಿ.

ಪ್ರತಿ ಎರಡನೆಯ ರವಿವಾರ ಸಾವಂತ್ರೆವ್ವ ಎರಡು ಬುತ್ತಿ ಕಟ್ಟುತ್ತಿದ್ದಳು. ಒಂದು ಗಂಡನಿಗೆ, ಇನ್ನೊಂದು ಹುಚ್ಚೀರಪ್ಪನಿಗೆ. ಆಗ ಅವಳ ಬಾಯಲ್ಲಿ ಅವನು 'ಅಣ್ಣಾರು'. ಮಾಸ್ತರ ಅಲ್ಲ.

* * *

"ತುಗೋರಿ ನಿಮ್ಮ ಸಂಘಾ!"

ಒಳಗೆ ಹೋಗಿ ಬಂದ ಸಾವಂತ್ರೆವ್ವನ ಕೈಯಲ್ಲಿ ಆ ಹಳೆಯ ವಹಿ ಇತ್ತು. ಹೊಸ ಕಾರ್ಯದರ್ಶಿ ಹೊಸ ವಹಿ ತೆರೆದ ಮೇಲೆ ಇದನ್ನು ಯಾರೂ ಕೇಳಿರಲಿಲ್ಲ. ಅಂದಪ್ಪ ತಲೆದಿಂಬಿನ ಕೆಳಗೆ ಇಟ್ಟುಕೊಂಡು ಮಲಗುತ್ತಿದ್ದ.

"ಇದನ್ನ ಅಪ್ಪಿಕೊಂಡ ಸತ್ತಾನ. ಒಂದ ಕಾಳಿಗೆ ಹ್ವಾದೆ, ಒಂದ ಕಾಳಿಗೆ ಹ್ವಾದೆ ಅಂತ ಜ್ವರದಾಗೂ ಬಡಬಡಿಸಿದ. ಆ ಕಾಳ ನಿಮ್ಮದ!"

"ನನ್ನದಲ್ಲ, ಸಾವಂತ್ರೆವ್ವ. ಹೆಂಗ ಹೇಳ್ಲಿ ನಿನಗ?"

"ಹೇಳಬ್ಯಾಡ್ರಿ!"

ವಹಿಯನ್ನು ಅವನ ಎದೆಗೆ ಎಸೆದಳು.

* * *

೧೯೫೬ರ ನವೆಂಬರಿನಲ್ಲಿ ನಾಡು ಒಂದಾಯಿತು. ಮರುತಿಂಗಳು ಸಂಘ ಒಡೆಯುವ ಹಾಗಾಯಿತು. ಮೈಸೂರ ಕಡೆಯ ದೊಡ್ಡ ಸಂಘದಲ್ಲಿ ಸೇರಬೇಕಾದರೆ ಪದವಿ ಪಡೆದವರಷ್ಟೇ ಸದಸ್ಯರಾಗಿರಬೇಕು ಎಂಬ ಠರಾವು ಬಂತು. ಇದು ಪಾಸಾಗದಿದ್ದರೆ ನಮ್ಮ ದಾರಿ ನಮಗೆ ಎಂದು ಹೈಸ್ಕೂಲಿನವರು ಎದ್ದು ನಿಂತರು. ಪಾಸಾದರೆ ಹಳ್ಳಿಯ ಮಾಸ್ತರರೆಲ್ಲ ಹೊರಗೆ. ಅಂದಪ್ಪನೂ ಹೊರಗೆ.

"ಒಡೀಬ್ಯಾಡ್ರಿ," ಎಂದ ಅಂದಪ್ಪ, ಬರೆಯುತ್ತಿದ್ದ ತಲೆ ಎತ್ತಿ. ಆ ದಿನ ಅವನು ಆಡಿದ್ದು ಅದೊಂದೇ ಮಾತು.

ಕೈ ಎತ್ತಿಸಿದರೆ ಹೊಡೆದಾಟವಾದೀತೆಂದು ಗುಟ್ಟಿನ ಮತಕ್ಕೆ ಅವನೇ ಉಪಾಯ ಮಾಡಿದ. ಇಪ್ಪತ್ತಮೂರು ಮಂದಿಗೂ ಒಂದೊಂದು ಜೋಳದ ಕಾಳು, ಒಂದೊಂದು ಕಡಲೆ ಹಂಚಿದ. ಠರಾವು ಬೇಕೆನ್ನುವವರು ತಂಬಿಗೆಗೆ ಜೋಳ ಹಾಕಬೇಕು, ಬೇಡೆನ್ನುವವರು ಕಡಲೆ. ಉಳಿದ ಕಾಳು ಅವರವರ ಮುಷ್ಟಿಯಲ್ಲೇ ಇರಲಿ. ಕೊನೆಗೆ ತಂಬಿಗೆ ಬೋರಲು ಹಾಕಿ ಎಣಿಸಿದ. ಜೋಳ ಹನ್ನೆರಡು, ಕಡಲೆ ಹನ್ನೊಂದು. ತನ್ನನ್ನು ಹೊರಗೆ ಹಾಕಿದ ಠರಾವನ್ನು ತಾನೇ ಬರೆದು, ಸಹಿ ಮಾಡಿ, ಹೊರಟ.

ಹುಚ್ಚೀರಪ್ಪ ಓಣಿಯ ತನಕ ಬೆನ್ನು ಹತ್ತಿ ಬಂದು ಮುಷ್ಟಿ ಬಿಚ್ಚಿದ. "ನೋಡಲೇ ಅಂದಪ್ಪಾ, ನನ್ನ ಜ್ವಾಳ ನನ್ನ ಕೈಯಾಗ ಐತಿ. ನಾ ಕಡ್ಲಿ ಹಾಕೇನಿ."

ಅಂದಪ್ಪ ನೋಡಲಿಲ್ಲ. "ಈ ನಾಡಾಗ ಜ್ವಾಳ ಯಾರ ಕೈಯಾಗ ಇಲ್ಲ?" ಅಂದು ಸೈಕಲ್ ಹತ್ತಿದ. ಮನೆಗೆ ಬಂದು ಹೆಂಡತಿಗೆ, "ನಮ್ಮವನ ಹಾಕಿದ ಅನ್ನಸತೈತಿ," ಅಂದ. ಅಷ್ಟು ಸಾಕಾಯಿತು. ಮುಂದಿನ ರವಿವಾರ ಬಾಗಿಲಿಗೆ ಬಂದ ಹುಚ್ಚೀರಪ್ಪನನ್ನು ಅವಳು ಓಣಿಯೆಲ್ಲ ಕೇಳುವಂತೆ ಬೈದು ಕಳಿಸಿದಳು. ಒಳಗಿದ್ದ ಅಂದಪ್ಪ ಕೆಮ್ಮಲೂ ಇಲ್ಲ.

* * *

ಹುಚ್ಚೀರಪ್ಪನ ಎದೆಗೆ ಬಡಿದ ವಹಿ ನೆಲಕ್ಕೆ ಬಿದ್ದು ತೆರೆದುಕೊಂಡಿತು. ಠರಾವಿನ ಪುಟದಿಂದ ಒಂದು ಸಣ್ಣ ಪೊಟ್ಟಣ ಹೊರಗೆ ಜಾರಿತು. ಅವನು ಬಗ್ಗಿ ಎತ್ತಿಕೊಂಡು ಬಿಚ್ಚಿದ. ಒಳಗೆ ಒಂದು ಕಡಲೆ, ಒಣಗಿ ಕಲ್ಲಾಗಿತ್ತು. ಕಾಗದದ ಮೇಲೆ ದುಂಡಗಿನ ಅಕ್ಷರ. ಅವನು ಅದನ್ನೇ ಮತ್ತೊಮ್ಮೆ ಓದಿದ.

"ಏನ ಐತದು? ಓದ್ರಿ!" ಎಂದಳು ಕಳಕವ್ವ.

ಅವನು ಪಾಠ ಹೇಳುವ ದನಿಯಲ್ಲಿ ಗಟ್ಟಿಯಾಗಿ ಓದಿದ:

"ತಾರೀಖು ಇಪ್ಪತ್ತಮೂರು, ಹನ್ನೆರಡು, ಐವತ್ತಾರು. ನನ್ನ ಕೈಯಲ್ಲಿ ಉಳಿದದ್ದು ಈ ಕಡಲೆ. ಸಂಘ ಒಡೆಯಬಾರದೆಂದು ನಾನೇ ಜೋಳ ಹಾಕಿದೆ. ಹುಚ್ಚೀರಪ್ಪನಿಗೆ ಹೇಳಬೇಕು."

ಕಾಗದವನ್ನು ಕಣ್ಣಿನ ಹತ್ತಿರ ಹಿಡಿದು ಅಂದ: "ಹೇಳಬೇಕು ಅಂತ ಮೂರ ಸಲ ಬರದಾನ. ಮೂರೂ ಬ್ಯಾರೆ ಬ್ಯಾರೆ ಶಾಯಿ."

ಸಾವಂತ್ರೆವ್ವ ಹೆಣದ ಕಡೆ ತಿರುಗಿದಳು. ಬೆಳಗಿನಿಂದ ಅತ್ತ ಕಣ್ಣಿನಲ್ಲಿ ಈಗ ಬೆಂಕಿಯಿತ್ತು.

"ಎಲೋ! ಎರಡ ವರ್ಷ ನನ್ನ ಬಾಯಿಲೆ ಬೈಸಿದೆಲ್ಲೋ! ನಾನ ಹೊರಗ ಬಂದೆ ಅನ್ನಾಕ ನಾಚಿಕಿ ಬಂತೇನ? ಅದಕ್ಕ ದೋಸ್ತನ ಮ್ಯಾಲೆ ಹಾಕಿ ಕುಂತೇನ?"

ಹೆಣ ರುಮಾಲು ಸುತ್ತಿಕೊಂಡು ನೆಟ್ಟಗೆ ಕೂತೇ ಇತ್ತು. ಅವಳು ಬಾಗಿಲು ಬಿಟ್ಟು ಪಕ್ಕಕ್ಕೆ ಸರಿದಳು.

"ಒಳಗ ಬರ್ರಿ, ಅಣ್ಣಾರ. ಹೆಗಲ ಕೊಡ್ರಿ."

ಹುಚ್ಚೀರಪ್ಪ ಕದಲಲಿಲ್ಲ.

"ಏಳ ವರ್ಷ ನೀ ಕಟ್ಟಿದ ರೊಟ್ಟಿ ತಿಂದ ಬಾಯಿ ಇದು. ಇದು ಹೇಳಿದ್ದ ನೀ ನಂಬಲಿಲ್ಲ. ಒಂದ ಕಡ್ಲಿ ಹೇಳಿದ ಕೂಡಲೆ ನಂಬಿದಿ."

"ತಪ್ಪಾತ್ರಿ, ಅಣ್ಣಾರ…"

"ನಿನ್ನದ ಬಿಡು. ಅವಂಗ ಗೊತ್ತಿತ್ತಲ್ಲ!" ಬೆರಳು ಹೆಣದತ್ತ ಚಾಚಿತ್ತು. "ಗೊತ್ತಿದ್ದೂ ಒಳಗ ಕುಂತ ಕೇಳಿದ! ಅವಗ ನಾ ಹೆಗಲ ಕೊಡಂಗಿಲ್ಲ. ನೀವ ಹೊರ್ರಿ."

ಕಡಲೆಯನ್ನು ಕಟ್ಟೆಯ ಮೇಲಿಟ್ಟ. ಅದರ ಪಕ್ಕಕ್ಕೆ ಹಾರ ಇಟ್ಟ. ಸೈಕಲ್ ಹತ್ತಿ ಹೋದ.

ಕುಣಿ ತಯಾರಾಯಿತು. ಹೆಣ ಹೊರಲು ಕಟ್ಟಿದ ಬಿದಿರಿನ ವಿಮಾನದಲ್ಲಿ ಅಂದಪ್ಪನನ್ನು ಕುಳ್ಳಿರಿಸಿದರು. "ಬರ್ತಾರ, ತಡೀರಿ," ಎಂದು ಸಾವಂತ್ರೆವ್ವ ಮೂರು ಸಲ ಅಂದಳು. ಹೊತ್ತು ಇಳಿಯಿತು. ಓಣಿಯಲ್ಲಿ ಸೈಕಲ್ ಸದ್ದು ಕೇಳಲಿಲ್ಲ. ವಿಮಾನದ ಹಿಂದಿನ ಎಡಗಡೆಯ ಕಂಬಕ್ಕೆ ಬೇರೆ ಯಾರನ್ನೂ ಅವಳು ನಿಲ್ಲಗೊಡಲಿಲ್ಲ. ಕೊನೆಗೆ ಉಡಚಪ್ಪ ಸಿಟ್ಟಿನಿಂದ, "ಎತ್ರಿ!" ಅಂದ. ಮೂರು ಹೆಗಲ ಮೇಲೆ ವಿಮಾನ ಎದ್ದಿತು.

ಅದು ಖಾಲಿ ಮೂಲೆಗೆ ವಾಲಿತು. ಅಂದಪ್ಪನ ರುಮಾಲಿನ ತಲೆ ಹೊರಳಿ, ಗದಗಿನ ದಾರಿಯ ಕಡೆ ನಿಂತಿತು.