ಮೂರನೆಯ ಗುಂಡಿ

ತುಪ್ಪದಲ್ಲಿ ಹುರಿದ ರವೆ, ಬಾಳೆಹಣ್ಣು, ಏಲಕ್ಕಿ, ಪ್ರಭಾ ಡಬ್ಬಿಯ ಮುಚ್ಚಳವನ್ನು ಇನ್ನೂ ಪೂರ್ತಿ ತೆಗೆದಿಲ್ಲ, ಆಗಲೇ ಇಡೀ ಅಪಾರ್ಟ್‌ಮೆಂಟಿಗೆ ಸತ್ಯನಾರಾಯಣ ಪೂಜೆಯ ಸಪಾದದ ವಾಸನೆ, ನಿನ್ನೆ ನಾವು ಅವರ ಮನೆಗೆ ಹೋಗಲಿಲ್ಲವೆಂದು ಇವತ್ತು ಗಂಡ ಹೆಂಡತಿ ಇಬ್ಬರೂ ಇಲ್ಲಿಗೇ ಬಂದಿದ್ದಾರೆ, ಜ್ವರ ಎಂದಿದ್ದೆ ಫೋನಿನಲ್ಲಿ, ಯಾರಿಗೆ ಎಂದು ಹೇಳಿದ್ದೆನೋ ಮರೆತುಹೋಗಿದೆ, ಇವರಿಗೋ ನನಗೋ, ಈಗ ಯಾರು ಕೆಮ್ಮಬೇಕು — ಇವರು ಸೋಫಾದ ಮೂಲೆಯಲ್ಲಿದ್ದಾರೆ, ನಾನು ಕೂರಿಸಿದ ಹಾಗೆಯೇ, ಬಲಗೈ ದಿಂಬಿನ ಮೇಲೆ, ಆರಾಮವಾಗಿ ಒರಗಿದವರಂತೆ, ಯಾರು ನೋಡಿದರೂ ವ್ಯಾಸರಾಜ ಭಾನುವಾರದ ಆಟ ನೋಡುತ್ತಿದ್ದಾರೆ ಎಂದೇ ಅಂದುಕೊಳ್ಳಬೇಕು, ಅಂದುಕೊಳ್ಳುತ್ತಾರೆ, ಅಂದುಕೊಳ್ಳಲಿ. ಟೀವಿಯಲ್ಲಿ ಬೇಸ್‌ಬಾಲಿನ ಹಸಿರು ಮೈದಾನ, ನಡುವೆ ಮಣ್ಣಿನ ದಿಬ್ಬ, ಅದರ ಮೇಲೆ ಹ್ಯಾಡ್ಲಿ ಇಲ್ಲ, ಬೇರೆ ಯಾರೋ ಹುಡುಗ ಚೆಂಡು ಎಸೆಯುತ್ತಿದ್ದಾನೆ, ಜನರ ನಡುವೆ ಒಬ್ಬಳು ರಟ್ಟಿನ ಮೇಲೆ ದಪ್ಪಕ್ಷರದಲ್ಲಿ ಬರೆದು ಎತ್ತಿ ಹಿಡಿದಿದ್ದಾಳೆ, ಹ್ಯಾಡ್ಲಿ, ನಮಗೆ ಯಾಕೆ ಸುಳ್ಳು ಹೇಳಿದೆ — ಹೋದ ವಾರದ ತನಕ ಇದೇ ಜನ ಅವನ ಹೆಸರಿನ ಟೋಪಿ ಹಾಕಿಕೊಂಡಿದ್ದರು, ಇವರೂ ಹಾಕಿಕೊಂಡು ನನಗೆ ಆಟ ವಿವರಿಸುತ್ತಿದ್ದರು, ಬೌಲರ್ ಅಂತ ಇಟ್ಕೋ ರಮಾ, ಆದ್ರೆ ಓಡಿ ಬರೋ ಹಾಗಿಲ್ಲ, ನಿಂತಲ್ಲೇ ಎಲ್ಲ ಶಕ್ತಿ ಕೈಯಿಂದಲೇ ಬರಬೇಕು, ನೋಡು ಆ ಕೈ.

ಆ ಕೈ ಈಗ ಟೀಪಾಯಿಯ ಮೇಲಿದೆ, ಪ್ರಭಾಳ ಗಂಡ ಶೇಷಾದ್ರಿ ತಂದ ಮ್ಯಾಗಜೀನಿನಲ್ಲಿ, ಎರಡು ಪುಟದಗಲದ ಫೋಟೋ, ಮಡಿಚಿ ಇಡೋಣವೆಂದರೆ ಅದರ ಮೇಲೆ ಅವರ ಕಾಫಿ ಲೋಟ. ನಮ್ಮಲ್ಲೂ ಇದೇ ಮ್ಯಾಗಜೀನು ಒಂದಿದೆ, ಹಾಸಿಗೆಯ ಕೆಳಗೆ, ಗುರುವಾರವೇ ಗ್ರೋಸರಿಯಲ್ಲಿ ಕೊಂಡು ಇವರಿಗೆ ಕಾಣದಂತೆ ಇಟ್ಟೆ, ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು ಎರಡು ಸಲ ಓದಿದೆ, ನಾನೇ ತಪ್ಪಾಗಿ ಓದಿಕೊಂಡಿರಬಹುದು ಎಂದು ಮೂರನೆಯ ಸಲವೂ ಓದಿದೆ — ತಪ್ಪಿರಲಿಲ್ಲ. ಈ ಸೀಸನ್ನೆಲ್ಲ ಅವನ ಬೆರಳುಗಳಿಗೆ ಸ್ಪರ್ಶವೇ ಇರಲಿಲ್ಲವಂತೆ, ಟೀಮಿಗೆ ಹೇಳಲಿಲ್ಲವಂತೆ, ಹೇಳಿದರೆ ಎಲ್ಲ ಮುಗಿಯುತ್ತಿತ್ತಂತೆ, ಫೋಟೋದಲ್ಲಿ ಅವನು ಕನ್ನಡಿಯ ಮುಂದೆ ಎರಡೂ ಕೈ ಇಳಿಬಿಟ್ಟು ನಿಂತಿದ್ದಾನೆ, ಹೆಂಡತಿ ಅವನ ಅಂಗಿಯ ಮೂರನೆಯ ಗುಂಡಿ ಹಾಕುತ್ತಿದ್ದಾಳೆ, ಅವಳ ಮುಖವಿಲ್ಲ, ಬೆರಳುಗಳು ಮಾತ್ರ. ಮೂರನೆಯದೇ ಯಾವಾಗಲೂ ಕಷ್ಟ, ಕಾಲರಿನ ಹತ್ತಿರದವು ಸುಲಭ, ಮೂರನೆಯದಕ್ಕೆ ಬಂದಾಗ ಇವರ ಎದೆ ನನ್ನ ಬೆರಳಿಗೆ ತಾಗುತ್ತದೆ, ಉಸಿರು ತಾಗುತ್ತದೆ, ಮುಖ ಎತ್ತಿದರೆ ನನ್ನನ್ನೇ ನೋಡುತ್ತಿರುತ್ತಾರೆ, ಎತ್ತುವುದಿಲ್ಲ, ಅವಳೂ ಎತ್ತಿರಲಾರಳು. ಶುಕ್ರವಾರ ಬಸ್ಸಿನಲ್ಲಿ ಡ್ರೈವರನಿಂದ ಹಿಡಿದು ಹಿಂದಿನ ಸೀಟಿನ ಮುದುಕಿಯವರೆಗೆ ಎಲ್ಲರೂ ಅದನ್ನೇ ಮಾತಾಡುತ್ತಿದ್ದರು, ಆಗದಿದ್ದರೆ ಬಿಟ್ಟು ಹೋಗಬೇಕಿತ್ತು, ಸಂಬಳ ತೆಗೆದುಕೊಂಡು ನಮ್ಮನ್ನು ಮೂರ್ಖರನ್ನಾಗಿ ಮಾಡಿದ, ನಾನು ಕಿಟಕಿಯ ಕಡೆ ತಿರುಗಿ ಕೂತೆ, ಅವರು ಹ್ಯಾಡ್ಲಿಯ ಬಗ್ಗೆ ಮಾತಾಡುತ್ತಿದ್ದಾರೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತ, ನನ್ನ ಸ್ಟಾಪು ದಾಟಿ ಹೋಯಿತು.

ಇವರದು ನರ. ಸಾಯುತ್ತಿದೆ ಎಂದರು ಡಾಕ್ಟರು, ಬಲಗೈ ಮೊದಲು, ಆಮೇಲೆ ಎಡಗೈ, ಆಮೇಲೆ — ಆಮೇಲಿನದನ್ನು ಪೆನ್ನಿನ ಮುಚ್ಚಳ ನೋಡುತ್ತ ಹೇಳಿದರು, ಔಷಧಿ ಇಲ್ಲ. ನಕ್ಷೆ ಬರೆಯುವ ಡ್ರಾಫ್ಟ್ಸ್‌ಮನ್ನಿಗೆ ಕೈ ಹೋದರೆ ಆಫೀಸು ಹೋಯಿತು, ಆಫೀಸು ಹೋದರೆ ಇನ್ಶೂರೆನ್ಸು, ಗ್ರೀನ್ ಕಾರ್ಡೂ ಆಫೀಸಿನ ಮೂಲಕವೇ ಬರಬೇಕು, ಅದಕ್ಕೇ ಈವನಿಂಗ್ ಕ್ಲಾಸಿಗೆ ಸೇರಿದೆ, ಡ್ರಾಫ್ಟಿಂಗು ಕಲಿತೆ, ಇಂಗ್ಲಿಷ್ ಕ್ಲಾಸು ಎಂದು ಪ್ರಭಾಗೆ ಹೇಳಿದೆ, ಡ್ರಾಯಿಂಗುಗಳನ್ನು ಇವರು ಮನೆಗೆ ತರುತ್ತಾರೆ, ಊಟದ ಟೇಬಲ್ಲಿನ ಮೇಲೆ ಹಾಸಿ ಪಕ್ಕದಲ್ಲಿ ಕೂತು ಹೇಳುತ್ತಾರೆ, ಇಲ್ಲಿಂದ ಇಲ್ಲಿಗೆ, ತೆಳುವಾಗಿ, ಒತ್ತಬೇಡ, ನಾನು ಎಳೆಯುತ್ತೇನೆ, ಗೆರೆಗಳು ಇವರವೇ ಎನ್ನುವ ಹಾಗೆ ಬರುತ್ತವೆ, ಅಂಕಿಗಳು ಬರುವುದಿಲ್ಲ, ಇವರು ಬರೆಯುವ ಏಳರ ಅಂಕಿಗೆ ಸೊಂಟದಲ್ಲೊಂದು ಅಡ್ಡಗೆರೆ ಇರುತ್ತದೆ, ನಾನು ಮರೆಯುತ್ತೇನೆ, ಅಳಿಸಿ ಹಾಕುತ್ತೇನೆ, ಕಾಗದ ಸವೆಯುತ್ತದೆ, ಆ ಸವೆತವೂ ಕಾಣುತ್ತದೆಯೇನೋ, ಕಾಣದೆ ಇರುತ್ತದೆಯೇ, ಆ ಆಫೀಸಿನಲ್ಲಿ ಡ್ರಾಯಿಂಗು ಚೆಕ್ ಮಾಡುವವರು ಶೇಷಾದ್ರಿಯೇ ಅಲ್ಲವೇ. ಶೇಷಾದ್ರಿ ಈಗ ಮ್ಯಾಗಜೀನನ್ನು ಬೆರಳಿನಿಂದ ಕುಟ್ಟುತ್ತಿದ್ದಾರೆ, ನಾನು ಅವನ ಫ್ಯಾನ್ ಕಣಯ್ಯಾ, ಅದಕ್ಕೇ ಹೊಟ್ಟೆ ಉರಿಯೋದು, ಇವನೊಬ್ಬನೇ ಆಗಿದ್ರೆ ಸರಿ, ಹೆಂಡ್ತೀನೂ ಸೇರ್ಕೊಂಡು ನಾಟಕ ಆಡಿದಾಳಲ್ಲ, ದಿನಾ ಬೆಳಿಗ್ಗೆ ಡ್ರೆಸ್ ಮಾಡಿಸಿ ಕಳಿಸೋಳು — ಪಾಪ, ಅವಳು ಇನ್ನೇನ್ರೀ ಮಾಡ್ತಾಳೆ, ಎಂದಳು ಪ್ರಭಾ, ನಿಮಗೆ ಹಾಗಾದ್ರೆ ನಾನು ಊರೆಲ್ಲ ಸಾರಲಾ, ಶೇಷಾದ್ರಿ ನಕ್ಕರು, ನೀನು ಜ್ವರ ಬಂದ್ರೇನೇ ಸಾರ್ತೀಯಮ್ಮ, ಪ್ರಭಾಳೂ ನಕ್ಕಳು, ನಾನೂ ನಕ್ಕೆ, ಎಷ್ಟು ನಗಬೇಕೆಂದು ತಿಳಿಯಲಿಲ್ಲ. ಇವರು ನಗಲಿಲ್ಲ. ಟೀವಿಯನ್ನೇ ನೋಡುತ್ತ ಮೆಲ್ಲಗೆ ಎಂದರು, ಒಂದು ಸೀಸನ್ ಆಡಿದ್ನಲ್ಲ, ಶೇಷಾದ್ರಿ.

ಪ್ರಭಾ ಚಮಚ ಹಿಡಿದು ಎದ್ದಿದ್ದಾಳೆ, ತಟ್ಟೆಗೆ ಹಾಕು ಎನ್ನಬೇಕಿತ್ತು, ಒಳಗಿನಿಂದ ತಟ್ಟೆ ತರಬೇಕಿತ್ತು, ಕಾಫಿಯನ್ನು ಇವರ ಎಡಕ್ಕೆ ಇಟ್ಟೆ, ದಿಂಬು ಇಟ್ಟೆ, ನಮ್ಮ ಮ್ಯಾಗಜೀನು ಹಾಸಿಗೆಯ ಕೆಳಗೆ ಬಚ್ಚಿಟ್ಟೆ, ಪ್ರಸಾದವನ್ನು ಅಂಗೈಗೆ ಹಾಕುತ್ತಾರೆಂಬುದು ಹೊಳೆಯಲೇ ಇಲ್ಲ, ಹುಟ್ಟಿದಾಗಿನಿಂದ ನೋಡಿದ್ದು ಹೊಳೆಯಲಿಲ್ಲ. ಶೇಷಾದ್ರಿಯ ಬಲ ಅಂಗೈ, ಕೆಳಗೆ ಎಡಗೈ ಆಸರೆ, ಒಂದು ಚಮಚ, ಕಣ್ಣಿಗೆ ಒತ್ತಿಕೊಂಡರು, ನನಗೊಂದು ಚಮಚ, ನನ್ನ ಅಂಗೈ ತುಂಬಿಹೋಯಿತು, ಈಗ ಇವರ ಮುಂದೆ ಚಮಚ ನಿಂತಿದೆ, ತಗೊಳ್ಳಿ ವ್ಯಾಸರಾಜ್ ಅವರೇ, ದಿಂಬಿನ ಮೇಲಿನ ಬೆರಳುಗಳು ಒಮ್ಮೆ ಅದುರಿದವು, ಅಷ್ಟೇ, ಎಡಗೈ ಬಂತು. ಎಡ ಅಂಗೈ, ಬಿಚ್ಚಿಕೊಂಡು, ಗಾಳಿಯಲ್ಲಿ. ಅಯ್ಯೋ ಪ್ರಸಾದ ಎಡಗೈಲೇನ್ರೀ ಎಂದು ಪ್ರಭಾ ನಗುತ್ತಿದ್ದಾಳೆ, ಏನೋ ವ್ಯಾಸ, ಬಲಗೈ ಎಲ್ಲಿ ಅಡ ಇಟ್ಟೆಯೋ ಎಂದು ಶೇಷಾದ್ರಿಯೂ — ಅರ್ಧಕ್ಕೆ ನಿಂತರು. ಬಾಯಲ್ಲಿ ಸಪಾದ, ಅಗಿಯುತ್ತಿಲ್ಲ. ದಿಂಬಿನ ಮೇಲಿನ ಕೈ ನೋಡಿದರು, ಊಟದ ಟೇಬಲ್ಲಿನ ಮೇಲೆ ಸುತ್ತಿಟ್ಟ ಡ್ರಾಯಿಂಗು ನೋಡಿದರು, ನನ್ನ ಕಡೆ ನೋಡಲಿಲ್ಲ, ನೋಡಿ ಬೈದಿದ್ದರೂ ಆಗುತ್ತಿತ್ತು, ಬಹಳ ಮೆಲ್ಲಗೆ, ಆ ಏಳರ ಅಂಕಿ, ಎಂದರು, ನಾನು ಯೋಚನೆ ಮಾಡ್ತಾನೇ ಇದ್ದೆ, ಅವನ ಏಳು ಯಾಕೆ ಹೀಗಾಯ್ತು ಅಂತ. ಟೀವಿಯಲ್ಲಿ ಜನ ಕೂಗುತ್ತಿದ್ದಾರೆ, ಇವರ ಎಡಗೈ ಇನ್ನೂ ಚಾಚಿಯೇ ಇದೆ, ಹಾಗೆ ಚಾಚಿದಾಗ ಅಂಗಿ ಎಳೆದುಕೊಂಡಿದೆ, ಎದೆಯ ಹತ್ತಿರ ಬಾಯಿ ಬಿಟ್ಟಿದೆ, ಬೆಳಿಗ್ಗೆ ಗುಂಡಿ ಸರಿಯಾಗಿ ಹಾಕಿದ್ದೆನೇ, ಹಾಕಿರಲಿಲ್ಲವೇ, ನನ್ನ ಕೈ ಆಗಲೇ ಅಲ್ಲಿದೆ, ಸಪಾದದ ತುಪ್ಪ ಮೆತ್ತಿದ ಬೆರಳು, ಇವರೆಲ್ಲರ ಎದುರಿಗೆ, ಜಾರುತ್ತಿದೆ, ಕೆಳಗೆ ಟೀಪಾಯಿಯ ಮೇಲೆ ಫೋಟೋದಲ್ಲಿ ಅವಳ ಬೆರಳು, ಇಲ್ಲಿ ನನ್ನದು, ಗುಂಡಿ, ಅರ್ಧ ಒಳಗೆ, ಅರ್ಧ ಹೊರಗೆ, ಮೂರನೆಯ ಗುಂಡಿ —