ಒಡೆಯದೆ ತೂಗಿದ ಕಲ್ಲು

ಅಂಬಣ್ಣ ಬಾವಿ ತೋಡುವ ಕೆಲಸದಲ್ಲಿದ್ದಾಗ ಸಿಕ್ಕ ಬಿಳಿ ಕಲ್ಲು ಅದು. ಹಿಡಿಗಾತ್ರ, ಮೇಲೆ ಅಲ್ಲಲ್ಲಿ ಹಳದಿ ಚುಕ್ಕೆ. ಬಾವಿ ತೋಡಿಸಿದ ರೈತ ತನಗೆ ಬೇಡವೆಂದು ಕೊಟ್ಟಿದ್ದ. ಮದುವೆಯಾದ ಹೊಸತರಲ್ಲಿ, ಇದರಲ್ಲಿರುವ ಚಿನ್ನದಿಂದಲೇ ಓಲೆ ಮಾಡಿಸುತ್ತೇನೆಂದು ಅಂಬಣ್ಣ ಹೆಂಡತಿ ಜಟ್ಟೆಮ್ಮನಿಗೆ ಮಾತು ಕೊಟ್ಟ. ಆಮೇಲೆ ಎಷ್ಟೋ ವರ್ಷ ಕಲ್ಲು ಕೆ.ಆರ್. ಪುರದ ಅವರ ಮನೆಯ ಗೂಡಿನಲ್ಲೇ ಉಳಿಯಿತು. ಚಿನ್ನವಿದೆ ಎಂದು ಅವನು, ಇಲ್ಲವೆಂದು ಅವಳು.

ಈಚೆಗೆ ಹಲಸೂರಿನ ಅಕ್ಕಸಾಲಿಯೊಬ್ಬ ಕಲ್ಲು ನೋಡಿ, ಒಡೆದು ಕರಗಿಸಬೇಕು ಎಂದ. ಅಂಬಣ್ಣ ಒಪ್ಪಲಿಲ್ಲ. ಒಡೆದ ಮೇಲೆ ಏನೂ ಸಿಗದಿದ್ದರೆ ಎಂಬ ಅಳುಕು ಅವನದು. ಬಾಯಿಬಿಟ್ಟು ಹೇಳಲಿಲ್ಲ ಅಷ್ಟೆ. ಒಡೆಯದೆ ತಿಳಿಯಬೇಕಾದರೆ ಫ್ರೇಜರ್ ಟೌನಿನ ಉಮ್ಮೆ ಕುಲ್ಸುಂ ಮೇಡಂ ಹತ್ತಿರ ಹೋಗಿ ಎಂದ ಅಕ್ಕಸಾಲಿ. ಆಕೆ ಕಾಲೇಜಿನಲ್ಲಿ ಭೂವಿಜ್ಞಾನ ಕಲಿಸಿ ನಿವೃತ್ತರಾದವರು.

ಗಂಡ ಹೆಂಡತಿ ಇಬ್ಬರೂ ಹೋದರು. ಕುಲ್ಸುಂ ಒಣಗಿದ ಕಲ್ಲನ್ನು ಒಮ್ಮೆ ತೂಗಿದರು. ಬಿರುಕುಗಳಲ್ಲಿದ್ದ ಗಾಳಿ ಹೋಗಲೆಂದು ನೀರಿನಲ್ಲಿ ಕುದಿಸಿದರು. ನೀರು ತಣ್ಣಗಾದ ಮೇಲೆ ಕಲ್ಲಿಗೆ ದಾರ ಕಟ್ಟಿ, ತಕ್ಕಡಿಯಿಂದ ನೀರೊಳಗೆ ಇಳಿಬಿಟ್ಟು ಮತ್ತೆ ತೂಗಿದರು.

"ನೀರಲ್ಲಿ ಎಷ್ಟು ತೂಕ ಕಮ್ಮಿ ಆಗತ್ತೋ, ಅದರಿಂದ ಕಲ್ಲಿನ ಗಾತ್ರ ಗೊತ್ತಾಗತ್ತೆ," ಎಂದರು. "ಈ ಗಾತ್ರದ ಬರೀ ಬೆಣಚುಕಲ್ಲು ಇಷ್ಟು ಭಾರ ಇರಲ್ಲ. ಜಾಸ್ತಿ ಇರೋ ಭಾರ ಚಿನ್ನದ್ದೇ ಅಂದ್ಕೊಂಡ್ರೆ, ಸುಮಾರು ಹನ್ನೆರಡು ಗ್ರಾಂ ಆಗತ್ತೆ ಅಣ್ಣ."

ಅಂಬಣ್ಣ ಹೆಂಡತಿಯ ಕಡೆ ನೋಡಿದ. ಅವಳ ಕೈ ಆಗಲೇ ಕಿವಿಯ ಮೇಲಿತ್ತು.

"ತಾಳಿ," ಎಂದು ಕುಲ್ಸುಂ, ತೂಗಾಡುತ್ತಿದ್ದ ಕಲ್ಲಿನ ಪಕ್ಕ ಒಂದು ಅಯಸ್ಕಾಂತ ಹಿಡಿದರು. ಕಲ್ಲು ಮೆಲ್ಲಗೆ ಅದರತ್ತ ವಾಲಿತು. "ಚಿನ್ನ ಹೀಗೆ ಮಾಡಲ್ಲ. ಒಳಗೆ ಕಬ್ಬಿಣದ ಅದಿರು ಇದೆ, ಅದೂ ಭಾರಾನೇ. ಹಂಗಾದ್ರೆ ಹನ್ನೆರಡು ಅನ್ನೋದು ತೀರಾ ಹೆಚ್ಚಂದ್ರೆ. ಏನೂ ಇಲ್ದೇನೂ ಇರ್ಬಹುದು."

"ಸರಿಯಾಗಿ ಗೊತ್ತಾಗ್ಬೇಕಾದ್ರೆ ಮೇಡಂ?" ಎಂದ ಅಂಬಣ್ಣ.

"ಒಡೀಲೇಬೇಕು."

ಅಂಬಣ್ಣ ಕಲ್ಲನ್ನು ಚೀಲಕ್ಕೆ ಹಾಕಿಕೊಳ್ಳಲು ಹೋದ. ಜಟ್ಟೆಮ್ಮ ಅವನ ಕೈ ಹಿಡಿದಳು.

"ಒಡೀರಿ. ಇಲ್ದಿದ್ರೆ ಇಲ್ಲ. ನಾನೇನೂ ಅನ್ನಲ್ಲ."

"ಅಂತೀಯ."

"ಒಂದಿನ ಅಂತೀನಿ. ಆಮೇಲೆ ಬಿಡ್ತೀನಿ."

ಕುಲ್ಸುಂ ಮನೆಯ ಹಿತ್ತಲ ಮೆಟ್ಟಿಲ ಮೇಲೆ ಕೂತು ಅಂಬಣ್ಣ ಕಲ್ಲನ್ನು ಬಿಸಿಲಿಗೆ ಹಿಡಿದು, ತಿರುಗಿಸಿ ತಿರುಗಿಸಿ ಏಟು ಹಾಕಲು ತಕ್ಕ ಬಿರುಕು ಹುಡುಕಿದ. ಸುತ್ತಿಗೆಯ ಒಂದೇ ಏಟಿಗೆ ಕಲ್ಲು ಎರಡಾಯಿತು. ಒಳಗೆಲ್ಲ ಕಪ್ಪು. ಕುಲ್ಸುಂ ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು. ಕಪ್ಪಿನ ನಡುವೆ ಕೂದಲಿನಷ್ಟು ತೆಳುವಾದ ಹಳದಿ ಎಳೆಗಳಿದ್ದವು.

"ಇದು ಚಿನ್ನಾನೇ," ಎಂದರು. "ಆದ್ರೆ ತುಂಬಾ ಕಮ್ಮಿ."

ಜಟ್ಟೆಮ್ಮ ಗಾಜು ಇಸಿದುಕೊಂಡು ತಾನೂ ನೋಡಿದಳು. ಅಂಬಣ್ಣ ಸುತ್ತಿಗೆ ಕೆಳಗಿಟ್ಟ.

"ಇದೆ ಕಣ್ರೀ," ಎಂದಳು.

ಅಕ್ಕಸಾಲಿ ಪುಡಿ ಮಾಡಿ ಕರಗಿಸಿದಾಗ ಒಂದು ಗ್ರಾಂ ಕೂಡ ಬರಲಿಲ್ಲ. ಓಲೆಗೆ ಸಾಲದು, ಮೂಗುಬೊಟ್ಟು ಮಾಡಬಹುದು ಎಂದ. ಜಟ್ಟೆಮ್ಮ ಹೂಂ ಎಂದಳು. ಈ ವಯಸ್ಸಿನಲ್ಲಿ ಮೂಗು ಚುಚ್ಚಿಸಿಕೊಂಡಿದ್ದಕ್ಕೆ ಮೂಗು ಊದಿಕೊಂಡು, ವಾರವೆಲ್ಲ ಅಂಬಣ್ಣನೇ ಅಡುಗೆ ಮಾಡಿದ.