ತಿಪ್ಪೆಯ ಮೇಲೆ ಸಿಕ್ಕ ಕೂಸು

ಮತ್ತೊಂದು ಮುಳ್ಳು, ಉಣ್ಣೆ ಹಿಂಜಿದಷ್ಟೂ ಮುಳ್ಳು, ಮಗ ಗುಂಡು ಕುರಿಗಳನ್ನು ಯಾವ ಕಂಟಿಯೊಳಗೆ ನುಗ್ಗಿಸಿದನೋ, ಇರಲಿ, ಬೆರಳಿಗೆ ಅಭ್ಯಾಸವಾಗಿದೆ, ಹಾಲವ್ವ ಅಂದರೆ ತಾಳ್ಮೆ ಎಂದು ಗಡಹಿಂಗ್ಲಜವೆಲ್ಲ ಹೊಗಳುತ್ತದೆ, ಸುಡಲಿ ಆ ತಾಳ್ಮೆ, ಮೊಣಕಾಲ ಕೆಳಗೆ ಆ ಅಚ್ಚಿನ ಕಾಗದ ಇದೆ, ನಿನ್ನೆ ಸಂತೆಯಲ್ಲಿ ಮಿಶನ್ನಿನ ಮೋಟಾರು ನಿಂತಿತ್ತು, ಪರದೇಶದಿಂದ ಹೊಸದಾಗಿ ಬಂದ ಬಿಳಿಯ ಹೆಂಗಸರು ಬಡವರ ಮಕ್ಕಳಿಗೆ ಅಂಗಿ ಹಂಚುತ್ತ ಎಲ್ಲರ ಕೈಗೂ ಕೊಟ್ಟ ಕಾಗದ, ನಾನೂ ಇಸಕೊಂಡೆ, ಓದಿದೆ — ಅರವತ್ತು ದಾಟಿದ ಮೇಲೆ ರಾತ್ರಿ ಶಾಲೆಯಲ್ಲಿ ಕಲಿತ ಅಕ್ಷರ, ಒಂದೊಂದರ ಮೇಲೂ ಬೆರಳಿಟ್ಟು — ಚಿತ್ರದಲ್ಲಿ ನನ್ನ ಮೊಮ್ಮಗಳು ತಿಪ್ಪವ್ವ, ಬಿಳಿ ಅಂಗಿ, ಬಾಚಿದ ತಲೆ, ಕೆಳಗೆ, ತಿಪ್ಪೆಯ ಮೇಲೆ ಬಿಸಾಡಿದ್ದ ಅನಾಥ ಕೂಸು, ಬರುವ ತಿಂಗಳು ಮೇಮಸಾಹೇಬರ ಸಂಗಡ ಹಡಗು ಹತ್ತಿ ಅವರ ದೇಶಕ್ಕೆ ಹೋಗಲಿದ್ದಾಳೆ. ಬಿಸಾಡಿದ್ದಂತೆ! ಬಿಸಾಡಿದವರು ಯಾರು, ಸೊಸೆ ತಾರವ್ವ ಮೂರು ಹಡೆದು ಮೂರನ್ನೂ ಮಣ್ಣಿಗಿಟ್ಟವಳು, ನಾಲ್ಕನೆಯದು ಹುಟ್ಟಿದ ದಿನ ನಾನೇ ಅದನ್ನು ಮೊರದಲ್ಲಿ ಮಲಗಿಸಿ ತಿಪ್ಪೆಯ ಮೇಲಿಟ್ಟೆ, ಪಕ್ಕದ ಮನೆಯ ಚಂಪಾಬಾಯಿ ಎತ್ತಿಕೊಂಡಳು, ಆಕೆಗೆ ಒಂದು ಮೊರ ತವುಡು ಕೊಟ್ಟು ಕೂಸನ್ನು ತಿರುಗಿ ಕೊಂಡೆ, ತಿಪ್ಪವ್ವ ಎಂದು ಕರೆದೆ, ಐದು ಮನೆ ಬೇಡಿ ತಂದ ಚಿಂದಿ ಉಡಿಸಿದೆ, ಹನ್ನೆರಡು ತುಂಬುವ ತನಕ ನಮ್ಮದು ಎಂದು ಬಾಯಿ ಬಿಡಬಾರದು, ಸಾವು ಕಿವಿಗೊಟ್ಟು ಕೂತಿರುತ್ತದೆ, ಯಾರಿಗೂ ಬೇಡವಾದದ್ದು ಅದಕ್ಕೂ ಬೇಡ, ಹಾಗೆ ಅಲ್ಲವೇ ಕೂಸು ಆರು ವರ್ಷ ಬದುಕಿದ್ದು.

ಆಗ ಜ್ವರ, ಹಿರಣ್ಯಕೇಶಿ ದಂಡೆಯಲ್ಲಿ ಮಿಶನ್ನಿನವರ ಔಷಧದ ಡೇರೆ, ಹೊತ್ತುಕೊಂಡು ಓಡಿದೆ, ಸುಳ್ಳು ಹೇಳಬಾರದು, ಆ ಮೇಮಸಾಹೇಬ ಮೂರು ದಿನ ಕದಲದೆ ಕೂತು ಚಮಚೆಯಲ್ಲಿ ಗಂಜಿ ಕುಡಿಸಿದಳು, ಅದಕ್ಕೇ ಸಿಟ್ಟು ಇನ್ನೂ ಉರಿಯುತ್ತದೆ, ಪೂರಾ ಕೆಟ್ಟವಳಾಗಿದ್ದರೆ ಬೈದು ಹಗುರಾಗುತ್ತಿದ್ದೆ — ಅವಳ ಮಾತು ತಿಳಿಸುವ ಧೋಂಡಿಬಾ ದಪ್ಪ ವಹಿ ಹಿಡಿದು ಕೇಳಿದ, ಆಯೀ, ಯಾರ ಕೂಸಿದು? ನಮ್ದಲ್ಲೋ ತಮ್ಮಾ, ತಿಪ್ಪಿ ಮ್ಯಾಲ ಸಿಕ್ಕೈತಿ, ಬೇಕಾದ್ರ ಒಯ್ರಿ, ಎಂದೆ, ಯಾರು ಕೇಳಿದರೂ ಹೇಳುವ ಮಾತು, ಊರಿನವರು ಕೇಳಿ ನಗುತ್ತಾರೆ, ಕೂಸಿನ ಕೆನ್ನೆ ಹಿಂಡುತ್ತಾರೆ, ಅವನು ಬರೆದುಕೊಂಡ, ಹೆಬ್ಬೆಟ್ಟು ಒತ್ತು ಎಂದ, ಒತ್ತಿದೆ, ಔಷಧಕ್ಕೆ ಎಂದುಕೊಂಡು, ಕೊಲ್ಲಾಪುರದಲ್ಲಿ ಗುಣ ಮಾಡಿಸಿ ತರುತ್ತೇವೆ ಎಂದರು. ತಿಂಗಳ ಮೇಲೆ ಕರೆತರಲು ಹೋದರೆ ಅದೇ ವಹಿ, ತಂದೆ ಇಲ್ಲ ತಾಯಿ ಇಲ್ಲ ಎಂದು ಧೋಂಡಿಬಾ ಓದಿದ, ನೀವಽ ಅಂದೀರಲ್ಲ ಆಯೀ, ಒಯ್ರಿ ಅಂತ. ಅಂದೇನೋ ಮೂಳಾ, ನಿಮ್ಮವ್ವನೂ ಅಂದಿರಬೇಕು! ಧೋಂಡಾ ಎಂದರೆ ಮರಾಠಿಯಲ್ಲಿ ಕಲ್ಲು, ಮೊದಲ ಮಕ್ಕಳು ಉಳಿಯದ ತಾಯಿಯಲ್ಲದೆ ಇನ್ಯಾರು ಮಗನನ್ನು ಕಲ್ಲು ಎಂದು ಕರೆಯುತ್ತಾರೆ, ಅವನಿಗೆ ಗೊತ್ತಿತ್ತು, ನೆಲ ನೋಡಿದ, ಮೇಮಸಾಹೇಬರಿಗೆ ಒಂದು ಮಾತು ತಿಳಿಸಲಿಲ್ಲ.

ಎರಡು ವರ್ಷ, ಅಕ್ಷರ ಕಲಿತದ್ದು ಕೂಸನ್ನು ತಿರುಗಿ ಕೊಡಿ ಎಂದು ಮಿಶನ್ನಿಗೆ ಬರೆಯುವ ಈ ಒಂದು ಪತ್ರಕ್ಕೆ, ಬರೆದೂ ಆಯಿತು, ತಿದ್ದಿಯೂ ಆಯಿತು, ಓದಿ ನೋಡಿದ ರಾತ್ರಿ ಶಾಲೆಯ ಜಿನಗೊಂಡ ಮಾಸ್ತರರು ಕನ್ನಡಕ ಎತ್ತಿ, ಎಲ್ಲಾ ಬರದೀರಿ ಆಯೀ, ಕೂಸು ನಮ್ದು ಅನ್ನೋದೊಂದು ಬಿಟ್ಟೀರಿ, ಅದಿಲ್ಲದ ಹೆಂಗ ಕೊಟ್ಟಾರು? ಎಂದರು. ತಾರವ್ವ ಕಾಲು ಹಿಡಿದಳು, ಬ್ಯಾಡ್ರೀ ಅತ್ತಿ, ನಮ್ದು ಅಂದ್ರ ಆ ಮೂರು ಹೋದಂಗ ಇದೂ ಹೊಕ್ಕೈತಿ, ಎಲ್ಲ್ಯಾರ ಇರ್ಲಿ, ಉಸರಾಡ್ಕೋಂತ ಇರ್ಲಿ. ಅದಕ್ಕೇ ಪತ್ರ ಇಷ್ಟು ದಿನ ಜೋಳದ ವಾಡೆಯ ಹಿಂದೆ ಬಿದ್ದಿತ್ತು, ಹನ್ನೆರಡಕ್ಕೆ ಇನ್ನು ನಾಲ್ಕೇ ವರ್ಷ ಎಂದು ನಾನು ಎಣಿಸುತ್ತ ಕೂತೆ, ಹಡಗು ಕಾಯುತ್ತದೆಯೇ, ಕಡಲು ದಾಟಿದ ಮೇಲೆ ಹನ್ನೆರಡು ತುಂಬಿದರೇನು, ಇಪ್ಪತ್ತು ತುಂಬಿದರೇನು, ತಿಪ್ಪೆಯ ಕೂಸು ಎಂದು ಊರೂರಿಗೆ ಚಿತ್ರ ತೋರಿಸುತ್ತಾರೆ, ಅವಳೂ ನಂಬುತ್ತಾಳೆ, ನಮ್ಮಜ್ಜಿ ನನ್ನನ್ನು ಬಿಸಾಡಿದಳು ಎಂದು ನಂಬುತ್ತಾಳೆ — ಉಣ್ಣೆ ಚೆಲ್ಲಿತು, ಚೆಲ್ಲಲಿ, ಎದ್ದೆ, ಸೀಸದ ಕಡ್ಡಿ ಎಲ್ಲಿ, ಪತ್ರದ ಕೆಳಗೆ ದಪ್ಪವಾಗಿ ಬರೆಯುತ್ತೇನೆ, ಕೂಸು ನಮ್ಮದು, ತಾಯಿ ತಾರವ್ವ, ತಂದೆ ಗುಂಡು, ಅಜ್ಜಿ ಹಾಲವ್ವ ಇದ್ದಾಳೆ, ಜೀವಂತ ಇದ್ದಾಳೆ, ಈ ಪತ್ರ ಕೊಲ್ಲಾಪುರದ ಮಿಶನ್ನಿನ ದೊಡ್ಡ ಸಾಹೇಬನಿಗೆ, ಹೆಬ್ಬೆಟ್ಟಲ್ಲ, ಸಹಿ, ಲಕೋಟೆ ಅಂಟಿಸಿ ಪೇಟೆಯ ನಡುವೆ ನಡೆದೆ, ಎದುರಿಗೆ ಚಂಪಾಬಾಯಿ, ಎಲ್ಲಿಗ್ರಿ ಹಾಲವ್ವ ಇಷ್ಟು ಗಡಿಬಿಡಿ? ನನ್ನ ಮೊಮ್ಮಗಳನ್ನ ಕೇಳಾಕ! ಹಗಲು ಹೊತ್ತಿನಲ್ಲಿ, ಗಟ್ಟಿಯಾಗಿ, ಕೇಳುವವರು ಕೇಳಲಿ, ಆ ಸಾವೂ ಕೇಳಲಿ, ಬಂದರೆ ಮೊದಲು ನನ್ನನ್ನು ಕೇಳಬೇಕು, ಹಿಂದೆ ತಾರವ್ವ ಓಡಿ ಬಂದಳು, ತಲೆಯ ಮೇಲೆ ಸೆರಗಿಲ್ಲ, ಕಾಲಲ್ಲಿ ಚಪ್ಪಲಿಯಿಲ್ಲ, ಟಪಾಲಿನ ಕೆಂಪು ಪೆಟ್ಟಿಗೆಯ ಬಾಯಿಗೆ ಲಕೋಟೆ ಇಟ್ಟಿದ್ದೇನೆ, ಅವಳು ಇನ್ನೊಂದು ತುದಿ ಹಿಡಿದಳು, ಅತ್ತಿ, ಏನೂ ಆಗಾಂಗಿಲ್ಲ ಅಲ್ರೀ, ಅತ್ತಿ — ನನಗೇನು ಗೊತ್ತು, ನನಗೆ ಗೊತ್ತಿಲ್ಲ, ಪೆಟ್ಟಿಗೆಯ ಬಾಯಿ, ಅವಳ ಬೆರಳು, ಉಗುರು ಬೆಳ್ಳಗಾಗಿದೆ, ಒಂದು ಬೆರಳು ಬಿಟ್ಟಳು, ಪೆಟ್ಟಿಗೆಯ ಬಾಯಿ, ಇನ್ನೊಂದು ಬಿಟ್ಟಳು, ಕೊನೆಯ ಬೆರಳು, ಕೊನೆಯ ಬೆರಳು, ಬಿಟ್ಟಳು.